ಪದವಿ ತೊರೆದವನ ವಿಚಾರಣೆ: ಮಹಾಭಿಯೋಗದ ಇತಿಹಾಸದಲ್ಲೊಂದು ಬಿಡಿಸದ ತೊಡಕು

ಇಂಗ್ಲಿಷಿನ 'ಇಂಪೀಚ್‌ಮೆಂಟ್' ಎಂಬ ಮಾತಿಗೆ ಕನ್ನಡ ಪತ್ರಿಕೆಗಳು ಎರಡು ಪದಗಳನ್ನು ಬಳಸುತ್ತ ಬಂದಿವೆ. ಒಂದು ಮಹಾಭಿಯೋಗ, ಇನ್ನೊಂದು ವಾಗ್ದಂಡನೆ. 2021ರ ಆರಂಭದಲ್ಲಿ ಅಮೆರಿಕದ ಸುದ್ದಿಗಳು ನಮ್ಮ ಪತ್ರಿಕೆಗಳ ಮುಖಪುಟವನ್ನು ಆಕ್ರಮಿಸಿಕೊಂಡಿದ್ದಾಗ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆ ಇದು: "ಸರ್, ಅಧಿಕಾರ ಬಿಟ್ಟು ಮನೆಗೆ ಹೋದವರಿಗೆ ವಾಗ್ದಂಡನೆ ಮಾಡಿ ಏನು ಪ್ರಯೋಜನ?" ಅವಳ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಒಂದು ಪದದ್ದು, ಇನ್ನೊಂದು ಇತಿಹಾಸದ್ದು. ಮೊದಲನೆಯದಕ್ಕೆ ಅಲ್ಲಿಯೇ ಉತ್ತರಿಸಿದೆ. ಎರಡನೆಯದಕ್ಕೆ ಉತ್ತರ ಹುಡುಕಲು ಸಾಕಷ್ಟು ಓದಬೇಕಾಯಿತು. ಆ ಓದಿನ ಫಲವೇ ಪ್ರಸ್ತುತ ಲೇಖನ.

ಮೊದಲು ಪದವನ್ನು ನೋಡೋಣ. ಧರ್ಮಶಾಸ್ತ್ರಗಳು ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ ಎಂದು ದಂಡವನ್ನು ನಾಲ್ಕು ಬಗೆಯಾಗಿ ವಿಭಾಗಿಸುತ್ತವೆ. ಇವುಗಳಲ್ಲಿ ವಾಗ್ದಂಡ ಅತ್ಯಂತ ಮೃದುವಾದುದು; ಮಾತಿನಲ್ಲಿ ಗದರಿಸಿ ಬಿಡುವುದು. ಇಂಪೀಚ್‌ಮೆಂಟ್ ಅಂತಹ ಗದರಿಕೆಯಲ್ಲ. ಅದು ಶಾಸನಸಭೆಯ ಒಂದು ಮನೆ ಫಿರ್ಯಾದಿಯಾಗಿ ನಿಂತು ಇನ್ನೊಂದು ಮನೆಯ ಎದುರು ಹೂಡುವ ಮೊಕದ್ದಮೆ. ಅಭಿಯೋಗವೆಂದರೆ ದೂರು, ಆಪಾದನೆ. ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರದಲ್ಲಿಯೂ ಅದೇ ಅರ್ಥ. ಆದುದರಿಂದ ಮಹಾಭಿಯೋಗವೇ ಸರಿಯಾದ ಪದ. ಇದು ಕನ್ನಡ ಮೇಷ್ಟರ ಚಟವೆಂದು ಓದುಗರು ನಕ್ಕರೂ ಚಿಂತೆಯಿಲ್ಲ. ಮುಂದೆ ಬರುವ ವಿವಾದವೆಲ್ಲ ನಿಂತಿರುವುದು ಇದೇ ಅರ್ಥನಿರ್ಣಯದ ಮೇಲೆ. ಮಹಾಭಿಯೋಗವೆಂದರೆ ಪದಚ್ಯುತಿಯೆಂದು ಭಾವಿಸುವವರಿಗೆ, ಪದವಿಯಲ್ಲಿಲ್ಲದವನನ್ನು ಪದಚ್ಯುತಗೊಳಿಸುವುದು ಹಾಸ್ಯಾಸ್ಪದ. ಅದು ಪದವಿಯಲ್ಲಿದ್ದಾಗ ಎಸಗಿದ ಅಪರಾಧದ ವಿಚಾರಣೆಯೆಂದು ಭಾವಿಸುವವರಿಗೆ, ಆಪಾದಿತನು ಇಂದು ಎಲ್ಲಿದ್ದಾನೆಂಬುದು ಗೌಣ.

ನಮ್ಮ ಸಂವಿಧಾನದಲ್ಲಿ ಈ ತೊಡಕಿಗೆ ಆಸ್ಪದ ಕಡಿಮೆ. 61ನೆಯ ಅನುಚ್ಛೇದದ ಪ್ರಕಾರ ರಾಷ್ಟ್ರಪತಿಯ ಮೇಲಿನ ಮಹಾಭಿಯೋಗಕ್ಕೆ ಇರುವ ಕಾರಣ ಒಂದೇ, ಸಂವಿಧಾನದ ಉಲ್ಲಂಘನೆ. ಪರಿಣಾಮವೂ ಒಂದೇ, ಪದಚ್ಯುತಿ. ಬೇರೆ ಶಿಕ್ಷೆಯಿಲ್ಲದಿರುವುದರಿಂದ ರಾಜೀನಾಮೆಯೊಡನೆ ಎಲ್ಲವೂ ಮುಗಿಯುತ್ತದೆ. ಯಾವ ರಾಷ್ಟ್ರಪತಿಯ ಮೇಲೂ ಇದು ಪ್ರಯೋಗವಾಗಿಲ್ಲ. ಆದರೆ ನ್ಯಾಯಾಧೀಶರ ಪದಚ್ಯುತಿಗಾಗಿ ಇರುವ ಇಂಥದೇ ಕ್ರಮದಲ್ಲಿ ರಾಜೀನಾಮೆ ಎಷ್ಟು ಸುಲಭವಾದ ಬಾಗಿಲೆಂಬುದನ್ನು 2011ರ ಒಂದೇ ವರ್ಷ ಎರಡು ಸಲ ತೋರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದು ಅನಂತರ ಸಿಕ್ಕಿಂಗೆ ವರ್ಗವಾಗಿದ್ದ ಪಿ.ಡಿ. ದಿನಕರನ್ ಅವರು ವಿಚಾರಣಾ ಸಮಿತಿಯ ಕಾರ್ಯ ನಡೆಯುತ್ತಿರುವಾಗಲೇ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಕಲ್ಕತ್ತಾ ಉಚ್ಚ ನ್ಯಾಯಾಲಯದ ಸೌಮಿತ್ರ ಸೇನ್ ಅವರು ಆಗಸ್ಟ್ 18ರಂದು ರಾಜ್ಯಸಭೆ ನಿರ್ಣಯವನ್ನು ಅಂಗೀಕರಿಸಿದ ಮೇಲೆ, ಲೋಕಸಭೆ ಕೈಗೆತ್ತಿಕೊಳ್ಳುವ ಮೊದಲೇ, ಸೆಪ್ಟೆಂಬರ್ 1ರಂದು ಪದವಿ ತೊರೆದರು. ಎರಡೂ ಪ್ರಕರಣಗಳು ಅಲ್ಲಿಗೇ ನಿಂತವು.

ಅಮೆರಿಕದ ಸಂವಿಧಾನ ಬೇರೆ ರೀತಿಯದು. ಅಲ್ಲಿ ಪ್ರತಿನಿಧಿ ಸಭೆ ಆರೋಪ ಹೊರಿಸುತ್ತದೆ, ಸೆನೆಟ್ ವಿಚಾರಣೆ ನಡೆಸುತ್ತದೆ. ಅಪರಾಧಿಯೆಂದು ನಿರ್ಣಯಿಸಲು ಹಾಜರಿದ್ದ ಸದಸ್ಯರ ಮೂರರಲ್ಲಿ ಎರಡು ಪಾಲು ಮತ ಬೇಕು. ತೀರ್ಪು ಎರಡು ಶಿಕ್ಷೆಗಳನ್ನು ಮೀರಬಾರದು: ಪದಚ್ಯುತಿ, ಮತ್ತು ಮುಂದೆ ಗೌರವದ, ನಂಬಿಕೆಯ ಇಲ್ಲವೇ ವೇತನದ ಯಾವ ಸರಕಾರಿ ಹುದ್ದೆಯನ್ನೂ ಹೊಂದದಂತೆ ಅನರ್ಹತೆ. ಈ ಎರಡನೆಯ ಶಿಕ್ಷೆಯೇ ಪ್ರಶ್ನೆಯ ಬೇರು. ಪದಚ್ಯುತಿ ನಿನ್ನೆಯ ಪದವಿಗೆ ಸಂಬಂಧಿಸಿದ್ದು. ಅನರ್ಹತೆ ನಾಳೆಯ ಪದವಿಗೆ ಸಂಬಂಧಿಸಿದ್ದು. ಇವೆರಡೂ ಬೇರೆಬೇರೆ ಎಂಬುದಕ್ಕೆ ಫ್ಲಾರಿಡಾದ ನ್ಯಾಯಾಧೀಶ ಆಲ್ಸೀ ಹೇಸ್ಟಿಂಗ್ಸ್ ಅವರ ಉದಾಹರಣೆ ಸಾಕು. 1989ರಲ್ಲಿ ಸೆನೆಟ್ ಅವರನ್ನು ಪದಚ್ಯುತಗೊಳಿಸಿತು, ಆದರೆ ಅನರ್ಹರೆಂದು ಘೋಷಿಸಲಿಲ್ಲ. 1992ರಲ್ಲಿ ಅವರು ಚುನಾವಣೆ ಗೆದ್ದು, ತಮ್ಮ ಮೇಲೆ ಆರೋಪ ಹೊರಿಸಿದ್ದ ಪ್ರತಿನಿಧಿ ಸಭೆಗೇ ಸದಸ್ಯರಾಗಿ ಬಂದರು.

ಹೇಸ್ಟಿಂಗ್ಸ್ ಎಂಬ ಹೆಸರು ಬಂದದ್ದರಿಂದ ಇನ್ನೊಬ್ಬ ಹೇಸ್ಟಿಂಗ್ಸನ ಕಡೆಗೆ ಹೋಗೋಣ. ಈ ಇತಿಹಾಸದ ನಿಜವಾದ ಆರಂಭ ಅವನಲ್ಲಿದೆ. ವಾರನ್ ಹೇಸ್ಟಿಂಗ್ಸ್ ಬಂಗಾಳದ ಗವರ್ನರ್ ಜನರಲ್ ಪದವಿಯನ್ನು ತೊರೆದು 1785ರ ಫೆಬ್ರವರಿಯಲ್ಲಿ ಭಾರತವನ್ನು ಬಿಟ್ಟನು. ಎಡ್ಮಂಡ್ ಬರ್ಕ್ ಅವನ ಮೇಲಿನ ಆರೋಪಗಳನ್ನು ಕಾಮನ್ಸ್ ಸಭೆಯಲ್ಲಿ ಮಂಡಿಸತೊಡಗಿದ್ದು 1786ರಲ್ಲಿ. ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಿಚಾರಣೆ ಆರಂಭವಾದದ್ದು 1788ರ ಫೆಬ್ರವರಿ 13ರಂದು. ಅವನು ನಿರ್ದೋಷಿಯೆಂದು ಬಿಡುಗಡೆ ಹೊಂದಿದ್ದು 1795ರ ಏಪ್ರಿಲ್ 23ರಂದು. ಅಂದರೆ ಮೊದಲಿನಿಂದ ಕೊನೆಯವರೆಗೆ ಅವನು ಮಾಜಿ. ಕಾಶಿಯ ರಾಜ ಚೈತ್ ಸಿಂಗನಿಂದ ಹಣ ಕಿತ್ತದ್ದು, ಅವಧದ ಬೇಗಮರ ಭಂಡಾರವನ್ನು ದೋಚಿಸಿದ್ದು ಮುಖ್ಯ ಆರೋಪಗಳು. ಆ ಹಣದಾಹದ ಹಿಂದೆ ಮರಾಠರೊಡನೆಯೂ ಹೈದರಾಲಿಯೊಡನೆಯೂ ಕಂಪನಿ ನಡೆಸುತ್ತಿದ್ದ ಯುದ್ಧಗಳ ಖರ್ಚಿತ್ತೆಂಬುದು ಮೈಸೂರಿನ ಇತಿಹಾಸ ಓದುವವರಿಗೆ ಹೊಸ ವಿಷಯವಲ್ಲ. 1780ರಲ್ಲಿ ಹೈದರ್ ಕರ್ನಾಟಿಕ್ ಪ್ರಾಂತದ ಮೇಲೆ ಎರಗಿದ್ದನ್ನು ಬರ್ಕ್ ಇನ್ನೊಂದು ಭಾಷಣದಲ್ಲಿ, ಆರ್ಕಾಟಿನ ನವಾಬನ ಸಾಲಗಳ ಕುರಿತು 1785ರಲ್ಲಿ ಮಾತನಾಡುವಾಗ, ವರ್ಣಿಸಿದ ಬಗೆ ಇಂಗ್ಲಿಷ್ ಗದ್ಯದ ಪ್ರಸಿದ್ಧ ಪುಟಗಳಲ್ಲೊಂದು. ನಮ್ಮ ಹಿಂದಿನ ತಲೆಮಾರಿನವರು ಹೇಸ್ಟಿಂಗ್ಸನ ಕಥೆಯನ್ನು ಮೆಕಾಲೆಯ 1841ರ ಪ್ರಬಂಧದ ಮೂಲಕ ಓದಿ, ಅದರ ವಾಗ್ವೈಭವಕ್ಕೆ ಮಾರುಹೋಗಿ, ಅದರೊಳಗಿನ ಕಾನೂನಿನ ಪ್ರಶ್ನೆಯನ್ನು ಗಮನಿಸಲಿಲ್ಲವೆಂದು ನನಗೆ ತೋರುತ್ತದೆ.

ಹೇಸ್ಟಿಂಗ್ಸ್ ಪದವಿಯಲ್ಲಿಲ್ಲವೆಂಬುದು ಇಂಗ್ಲೆಂಡಿನಲ್ಲಿ ಆಕ್ಷೇಪವೇ ಆಗಲಿಲ್ಲ. ಅಲ್ಲಿ ಮಹಾಭಿಯೋಗದ ಶಿಕ್ಷೆ ದಂಡವಾಗಬಹುದು, ಸೆರೆವಾಸವಾಗಬಹುದು, ಮರಣವೂ ಆಗಬಹುದು; ಪದವಿಯೊಡನೆ ಅದಕ್ಕೆ ಗಂಟಿರಲಿಲ್ಲ. 1725ರಲ್ಲಿ ಲಾರ್ಡ್ ಚಾನ್ಸಲರ್ ಮ್ಯಾಕಲ್ಸ್‌ಫೀಲ್ಡ್ ಮೊದಲು ರಾಜೀನಾಮೆಯಿತ್ತನು, ಆಮೇಲೆ ಅಭಿಯೋಗಕ್ಕೊಳಗಾಗಿ 30,000 ಪೌಂಡ್ ದಂಡ ತೆತ್ತನು.

ಅಮೆರಿಕದ ಸಂವಿಧಾನಕರ್ತರು 1787ರ ಬೇಸಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕುಳಿತಿದ್ದಾಗ ಹೇಸ್ಟಿಂಗ್ಸನ ಸುದ್ದಿ ಅವರ ಕಿವಿಯಲ್ಲಿತ್ತು. ಸೆಪ್ಟೆಂಬರ್ 8ರ ಚರ್ಚೆಯಲ್ಲಿ ವರ್ಜೀನಿಯಾದ ಜಾರ್ಜ್ ಮೇಸನ್ ಅವನ ಹೆಸರನ್ನೇ ಎತ್ತಿದನು. ರಾಜದ್ರೋಹ, ಲಂಚ ಎಂಬ ಎರಡೇ ಕಾರಣಗಳನ್ನಿಟ್ಟರೆ ಸಾಲದು, ಹೇಸ್ಟಿಂಗ್ಸನ ಅಪರಾಧ ರಾಜದ್ರೋಹವಲ್ಲವಲ್ಲ ಎಂಬುದು ಅವನ ವಾದ. ದುರಾಡಳಿತವೆಂಬ ಪದವನ್ನು ಸೇರಿಸಬೇಕೆಂದನು. ಅಷ್ಟು ಸಡಿಲವಾದ ಪದವಿಟ್ಟರೆ ಅಧ್ಯಕ್ಷನು ಸೆನೆಟಿನ ಮರ್ಜಿಯಲ್ಲಿ ಬದುಕಬೇಕಾಗುತ್ತದೆಂದು ಮ್ಯಾಡಿಸನ್ ಆಕ್ಷೇಪಿಸಿದನು. ಕೊನೆಗೆ 'ಇತರ ಘೋರಾಪರಾಧಗಳು ಮತ್ತು ದುಷ್ಕೃತ್ಯಗಳು' ಎಂಬ ಹಳೆಯ ಇಂಗ್ಲಿಷ್ ಪರಿಭಾಷೆ ಒಳಬಂದಿತು. ಗಮನಿಸಬೇಕಾದುದು, ಮೇಸನ್ ಆ ಮಾತನಾಡಿದಾಗ ಹೇಸ್ಟಿಂಗ್ಸ್ ಪದವಿ ಬಿಟ್ಟು ಎರಡೂವರೆ ವರ್ಷವಾಗಿತ್ತು. ಕಣ್ಣೆದುರಿಗಿದ್ದ ಮಾದರಿಯೇ ಮಾಜಿಯೊಬ್ಬನದು. ಇಷ್ಟೇ ಅಲ್ಲ. ಮೇಸನ್ನನ ರಾಜ್ಯವಾದ ವರ್ಜೀನಿಯಾದ 1776ರ ಸಂವಿಧಾನದಲ್ಲಿ ಗವರ್ನರನು ಪದವಿಯಿಂದ ಇಳಿದ ಮೇಲೆಯೇ ಅಭಿಯೋಗಕ್ಕೊಳಗಾಗತಕ್ಕವನು! ಡೆಲವೇರ್ ರಾಜ್ಯವೂ ಇಳಿದ ಮೇಲೆ ಹದಿನೆಂಟು ತಿಂಗಳ ಗಡುವನ್ನಿಟ್ಟಿತ್ತು.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ನೋಡಬೇಕು. ಸಂವಿಧಾನದ ಎರಡನೆಯ ವಿಧಿಯ ನಾಲ್ಕನೆಯ ಪ್ರಕರಣ, ಅಧ್ಯಕ್ಷ, ಉಪಾಧ್ಯಕ್ಷ ಮತ್ತು ಸರ್ವ ನಾಗರಿಕ ಅಧಿಕಾರಿಗಳನ್ನು ಅಪರಾಧ ಸಾಬೀತಾದರೆ ಪದವಿಯಿಂದ ತೆಗೆಯತಕ್ಕದ್ದು ಎನ್ನುತ್ತದೆ. ಮಾಜಿಯ ಮಾತು ಅಲ್ಲಿಲ್ಲ. ವರ್ಜೀನಿಯಾ, ಡೆಲವೇರ್‌ಗಳಂತೆ ಸ್ಪಷ್ಟವಾಗಿ ಬರೆಯಬಹುದಿತ್ತು, ಬರೆಯಲಿಲ್ಲ. ಆದುದರಿಂದ ಬೇಡವೆಂದೇ ಬಿಟ್ಟಿದ್ದಾರೆ ಎಂದು ವಾದಿಸಬಹುದು. 1833ರಲ್ಲಿ ಸಂವಿಧಾನಕ್ಕೆ ದೊಡ್ಡ ವ್ಯಾಖ್ಯಾನ ಬರೆದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿಯ ಒಲವು ಇದೇ ಕಡೆಗಿತ್ತು. ವಿರೋಧಿಗಳ ಕೈಗೆ ಬಹುಮತ ಸಿಕ್ಕಿದಾಗಲೆಲ್ಲ ನಿವೃತ್ತರನ್ನು ಎಳೆತರುವ ಅಪಾಯವನ್ನೂ ತಳ್ಳಿಹಾಕಲಾಗದು. ಗ್ರಂಥದ ಮೌನವನ್ನು ಅರ್ಥೈಸುವ ಕಷ್ಟ ಶಾಸನಗಳನ್ನೂ ಹಳಗನ್ನಡ ಹಸ್ತಪ್ರತಿಗಳನ್ನೂ ಓದುವ ನಮಗೆ ಅಪರಿಚಿತವಲ್ಲ. ಆದರೆ ಆ ವಾಕ್ಯ ಹೇಳುತ್ತಿರುವುದು ಪದವಿಯಲ್ಲಿರುವವರಿಗೆ ಕನಿಷ್ಠ ಯಾವ ಶಿಕ್ಷೆ ತಪ್ಪದು ಎಂಬುದನ್ನು. ಯಾರನ್ನು ವಿಚಾರಿಸಬಹುದು ಎಂಬುದನ್ನಲ್ಲ. ವಿಚಾರಣೆಯ ಅಧಿಕಾರವಿರುವುದು ಮೊದಲನೆಯ ವಿಧಿಯಲ್ಲಿ. ಅಲ್ಲಿ ಎಲ್ಲ ಅಭಿಯೋಗಗಳನ್ನೂ ವಿಚಾರಿಸುವ ಅಧಿಕಾರ ಸೆನೆಟಿಗೆ ಮಾತ್ರ ಎಂದಿದೆ. ನನಗೆ ಈ ಓದೇ ಹೆಚ್ಚು ಸಮಂಜಸವೆನಿಸುತ್ತದೆ.

ಮೊದಲ ಪ್ರಕರಣ ಅಧ್ಯಕ್ಷನದಲ್ಲ, ಟೆನೆಸಿಯ ಸೆನೆಟರ್ ವಿಲಿಯಂ ಬ್ಲೌಂಟನದು. ಸ್ಪೇನಿನ ವಶದಲ್ಲಿದ್ದ ಪ್ರದೇಶಗಳನ್ನು ಬ್ರಿಟಿಷರ ಪಾಲು ಮಾಡುವ ಸಂಚಿನಲ್ಲಿ ಸಿಕ್ಕಿಬಿದ್ದ ಅವನನ್ನು 1797ರ ಜುಲೈನಲ್ಲಿ ಸೆನೆಟ್ ಹೊರಹಾಕಿತು. ಪ್ರತಿನಿಧಿ ಸಭೆಯ ಅಭಿಯೋಗ ಮಾತ್ರ ಮುಂದುವರಿಯಿತು. 1799ರ ಜನವರಿಯಲ್ಲಿ ತನಗೆ ಅಧಿಕಾರವಿಲ್ಲವೆಂದು ಸೆನೆಟ್ ಅದನ್ನು ಕೈಬಿಟ್ಟಿತು. ಸೆನೆಟರನು ನಾಗರಿಕ ಅಧಿಕಾರಿಯಲ್ಲವೆಂಬುದಕ್ಕೋ, ಪದವಿಯಲ್ಲಿಲ್ಲವೆಂಬುದಕ್ಕೋ ಎಂದು ಸ್ಪಷ್ಟಪಡಿಸಲಿಲ್ಲ. ಬ್ಲೌಂಟ್ ಅಷ್ಟರಲ್ಲಿ ತನ್ನ ರಾಜ್ಯದ ಸೆನೆಟಿಗೆ ಸಭಾಧ್ಯಕ್ಷನಾಗಿದ್ದನು. 1846ರಲ್ಲಿ, ಅಧ್ಯಕ್ಷಪದವಿ ಮುಗಿಸಿ ಪ್ರತಿನಿಧಿ ಸಭೆಯ ಸಾಮಾನ್ಯ ಸದಸ್ಯನಾಗಿದ್ದ ಜಾನ್ ಕ್ವಿನ್ಸಿ ಆ್ಯಡಮ್ಸ್, ತಾನು ಪದವಿಯಲ್ಲಿದ್ದಾಗ ಮಾಡಿದ ಪ್ರತಿಯೊಂದು ಕಾರ್ಯಕ್ಕೂ ಉಸಿರಿರುವವರೆಗೆ ಈ ಸಭೆಯ ಅಭಿಯೋಗಕ್ಕೆ ಒಳಪಟ್ಟವನೇ ಎಂದು ಸದನದಲ್ಲಿ ಹೇಳಿದನು. ಮಾಜಿ ಅಧ್ಯಕ್ಷನೇ ತನ್ನ ವಿರುದ್ಧ ಕೊಟ್ಟುಕೊಂಡ ಸಾಕ್ಷ್ಯವಿದು.

ಪ್ರಶ್ನೆ ನೇರವಾಗಿ ಎದುರಾದದ್ದು 1876ರಲ್ಲಿ. ವಿಲಿಯಂ ಬೆಲ್ಕ್‌ನ್ಯಾಪ್ ಅಧ್ಯಕ್ಷ ಗ್ರಾಂಟನ ಯುದ್ಧ ಕಾರ್ಯದರ್ಶಿ. ಗಡಿನಾಡಿನ ಸೇನಾ ಠಾಣೆಗಳಲ್ಲಿ ಅಂಗಡಿಯಿಡುವ ಗುತ್ತಿಗೆ ಅವನ ಕೈಯಲ್ಲಿತ್ತು. ಫೋರ್ಟ್ ಸಿಲ್ ಎಂಬ ಠಾಣೆಯ ಅಂಗಡಿಯನ್ನು ಕ್ಯಾಲೆಬ್ ಮಾರ್ಷ್ ಎಂಬವನಿಗೆ ಕೊಡಲಾಯಿತು. ಅವನು ಅಲ್ಲಿಗೆ ಹೋಗಲೇ ಇಲ್ಲ. ಮೊದಲಿನಿಂದ ಅಂಗಡಿಯಿಟ್ಟಿದ್ದ ಎವನ್ಸ್‌ ಎಂಬವನೇ ಮುಂದುವರಿದು, ವರ್ಷಕ್ಕೆ 12,000 ಡಾಲರ್ ಮಾರ್ಷನಿಗೆ ಕೊಡಬೇಕು. ಅದರಲ್ಲಿ ಅರ್ಧ ಬೆಲ್ಕ್‌ನ್ಯಾಪನ ಹೆಂಡತಿಗೆ. 1870ರ ಕೊನೆಯಲ್ಲಿ ಆಕೆ ತೀರಿಕೊಂಡಳು. ಹಣ ಬರುವುದು ನಿಲ್ಲಲಿಲ್ಲ. ಮುಂದೆ ಬೆಲ್ಕ್‌ನ್ಯಾಪ್ ಆಕೆಯ ಸೋದರಿಯನ್ನು ಮದುವೆಯಾದನು, ಆಗಲೂ ನಿಲ್ಲಲಿಲ್ಲ. ಈ ಹಣವನ್ನು ಎವನ್ಸ್‌ ತನ್ನ ಗಂಟಿನಿಂದ ಕೊಡಲಿಲ್ಲವೆಂದು ಹೇಳಬೇಕಾಗಿಲ್ಲ. ಬೇರೆ ಅಂಗಡಿಯಿಲ್ಲದ ಆ ಬಯಲಿನಲ್ಲಿ ದುಬಾರಿ ಬೆಲೆ ತೆತ್ತವರು ಸಾಮಾನ್ಯ ಸಿಪಾಯಿಗಳು.

ಪ್ರತಿನಿಧಿ ಸಭೆಯ ಸಮಿತಿಯೆದುರು ಮಾರ್ಷ್ ಎಲ್ಲವನ್ನೂ ಹೇಳಿಬಿಟ್ಟನು. ಸಮಿತಿಯ ಅಧ್ಯಕ್ಷ ಹೀಸ್ಟರ್ ಕ್ಲೈಮರ್ ಕಾಲೇಜಿನಲ್ಲಿ ಬೆಲ್ಕ್‌ನ್ಯಾಪನ ಜೊತೆ ಒಂದೇ ಕೋಣೆಯಲ್ಲಿ ಇದ್ದವನು! ಮಾರ್ಚ್ 2ರ ಬೆಳಗ್ಗೆ ಬೆಲ್ಕ್‌ನ್ಯಾಪ್ ಶ್ವೇತಭವನಕ್ಕೆ ಧಾವಿಸಿ ಕಣ್ಣೀರಿಡುತ್ತ ರಾಜೀನಾಮೆ ಕೊಟ್ಟನು; ಗ್ರಾಂಟ್ ಕೂಡಲೇ ಸ್ವೀಕರಿಸಿದನು. ಅದೇ ದಿನ ಮಧ್ಯಾಹ್ನ ಪ್ರತಿನಿಧಿ ಸಭೆ ಅವಿರೋಧವಾಗಿ ಅಭಿಯೋಗದ ನಿರ್ಣಯ ಮಾಡಿತು. ನಡುವಿನ ಅಂತರ ಕೆಲವು ಗಂಟೆಗಳು. ತಾನೀಗ ಅಯೋವಾ ರಾಜ್ಯದ ಖಾಸಗಿ ಪ್ರಜೆ, ಸೆನೆಟಿಗೆ ತನ್ನ ಮೇಲೆ ಅಧಿಕಾರವಿಲ್ಲವೆಂಬುದೇ ಬೆಲ್ಕ್‌ನ್ಯಾಪನ ಮೊದಲ ಪ್ರತಿವಾದ. ಸೆನೆಟ್ ಇದನ್ನು ದೀರ್ಘವಾಗಿ ಚರ್ಚಿಸಿ ಮೇ 29ರಂದು 37-29 ಮತಗಳಿಂದ ಅಧಿಕಾರವುಂಟೆಂದು ನಿರ್ಣಯಿಸಿತು. ಸಾಕ್ಷಿಗಳ ವಿಚಾರಣೆ ನಡೆಯಿತು. (ಕ್ಲೈಮರ್ ಸಮಿತಿಯೆದುರು ಅಂಗಡಿ ಅವ್ಯವಹಾರದ ಕುರಿತು ಸಾಕ್ಷಿ ಹೇಳಿ ಗ್ರಾಂಟನ ಕೋಪಕ್ಕೆ ಗುರಿಯಾದವರಲ್ಲಿ ಕಸ್ಟರ್ ಒಬ್ಬನು, ಜೂನ್ 25ರಂದು ಅವನು ಲಿಟಲ್ ಬಿಗ್‌ಹಾರ್ನ್‌ನಲ್ಲಿ ಮಡಿದನು.) ಆಗಸ್ಟ್ 1ರಂದು ಮತದಾನ. ಅತಿ ಹೆಚ್ಚಿನದೆಂದರೆ 37 ಮಂದಿ ಅಪರಾಧಿಯೆಂದರು, 25 ಮಂದಿ ಅಲ್ಲವೆಂದರು. ಬೇಕಿದ್ದದ್ದು 42.

ಆ 25 ಮಂದಿಯಲ್ಲಿ ಬಹುಪಾಲು ಜನ ಬೆಲ್ಕ್‌ನ್ಯಾಪ್ ಲಂಚ ತಿನ್ನಲಿಲ್ಲವೆಂದು ಹೇಳಲಿಲ್ಲ. ಸೆನೆಟಿಗೆ ಅಧಿಕಾರವಿಲ್ಲ, ಆದುದರಿಂದ ನಿರಪರಾಧಿ ಎಂದರು. ಅಂದರೆ ಮೇ ತಿಂಗಳಲ್ಲಿ ಸೋತ ವಾದವನ್ನು ಆಗಸ್ಟಿನಲ್ಲಿ ಗೆಲ್ಲಿಸಿದರು. ಇದು ಹೇಗೆ ಸಾಧ್ಯವಾಯಿತೆಂದರೆ, ಅಧಿಕಾರವ್ಯಾಪ್ತಿಯ ಪ್ರಶ್ನೆಯನ್ನು ಬರಿಯ ಬಹುಮತ ತೀರ್ಮಾನಿಸುತ್ತದೆ, ಅಪರಾಧದ ಪ್ರಶ್ನೆಗೆ ಮೂರರಲ್ಲಿ ಎರಡು ಪಾಲು ಬೇಕು. ಮೊದಲನೆಯದರಲ್ಲಿ ಸೋತ ಅಲ್ಪಸಂಖ್ಯಾತರು ಅದನ್ನೇ ಎರಡನೆಯದರೊಳಗೆ ತುರುಕಿದರೆ ತಡೆಯುವವರಿಲ್ಲ. ಸೆನೆಟಿನ ಅಭಿಯೋಗ ವಿಚಾರಣೆಯಲ್ಲಿ ತಾನು ಕೈಹಾಕುವುದಿಲ್ಲವೆಂದು 1993ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಹೀಗೆ 1876ರಿಂದ ಉಳಿದದ್ದು ವಿಚಿತ್ರವಾದ ಪೂರ್ವನಿದರ್ಶನ: ಮಾಜಿಯನ್ನು ವಿಚಾರಿಸಬಹುದು, ಆದರೆ ಅವನು ಮಾಜಿಯೆಂಬ ಕಾರಣಕ್ಕೇ ಅವನನ್ನು ಬಿಡಲೂಬಹುದು.

ಬೆಲ್ಕ್‌ನ್ಯಾಪನ ಮೇಲೆ ನ್ಯಾಯಾಲಯದಲ್ಲಿ ಹೂಡಿದ್ದ ಮೊಕದ್ದಮೆಯನ್ನೂ 1877ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅನಂತರದ ಪದ್ಧತಿ ರಾಜೀನಾಮೆಗೆ ಮಣಿಯುವುದೇ ಆಯಿತು. 1926ರಲ್ಲಿ ನ್ಯಾಯಾಧೀಶ ಜಾರ್ಜ್ ಇಂಗ್ಲಿಷ್ ವಿಚಾರಣೆಗೆ ಆರು ದಿನ ಮೊದಲು ರಾಜೀನಾಮೆಯಿತ್ತನು, ಪ್ರಕರಣವನ್ನು ಕೈಬಿಟ್ಟರು. 1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆಯಿತ್ತಾಗ ನ್ಯಾಯಾಂಗ ಸಮಿತಿ ಮೂರು ಆರೋಪಗಳನ್ನು ಅಂಗೀಕರಿಸಿ ಆಗಿತ್ತು. ಪ್ರತಿನಿಧಿ ಸಭೆ 412-3 ಮತಗಳಿಂದ ಸಮಿತಿಯ ವರದಿಯನ್ನು ಸ್ವೀಕರಿಸಿ ಸುಮ್ಮನಾಯಿತು. ಸೆಪ್ಟೆಂಬರ್ 8ರಂದು ಫೋರ್ಡ್ ಕ್ಷಮಾದಾನವಿತ್ತರು.

ಈ ಹಿನ್ನೆಲೆಯಲ್ಲಿ 2021ನ್ನು ನೋಡಬೇಕು. ಜನವರಿ 6ರಂದು ಗುಂಪೊಂದು ಕ್ಯಾಪಿಟಲ್ ಭವನಕ್ಕೆ ನುಗ್ಗಿತು. ದಂಗೆಗೆ ಪ್ರಚೋದನೆಯೆಂಬ ಒಂದೇ ಆರೋಪದ ಮೇಲೆ ಪ್ರತಿನಿಧಿ ಸಭೆ ಜನವರಿ 13ರಂದು 232-197 ಮತಗಳಿಂದ ಡೊನಾಲ್ಡ್ ಟ್ರಂಪ್ ಅವರ ಮೇಲೆ ಅಭಿಯೋಗ ಹೊರಿಸಿತು. ಅಂದು ಅವರು ಪದವಿಯಲ್ಲಿದ್ದರು. ಆಗ ಸೆನೆಟಿನ ಬಹುಮತದ ನಾಯಕರಾಗಿದ್ದ ಮಿಚ್ ಮೆಕಾನೆಲ್ ಸದನವನ್ನು ಕೂಡಲೇ ಕರೆಯಲು ಒಪ್ಪಲಿಲ್ಲ. ಜನವರಿ 20ರಂದು ಅಧ್ಯಕ್ಷರ ಅವಧಿ ಮುಗಿಯಿತು. 25ರಂದು ಆರೋಪಪತ್ರ ಸೆನೆಟನ್ನು ತಲುಪಿತು. ಅಧ್ಯಕ್ಷನ ವಿಚಾರಣೆಯಲ್ಲಿ ಮುಖ್ಯ ನ್ಯಾಯಾಧೀಶನು ಪೀಠದಲ್ಲಿರಬೇಕೆಂಬ ನಿಯಮವಿದ್ದರೂ ಜಾನ್ ರಾಬರ್ಟ್ಸ್ ಬರಲಿಲ್ಲ. ಸೆನೆಟರ್ ಪ್ಯಾಟ್ರಿಕ್ ಲೇಹಿ ಕುಳಿತರು. ವಿಚಾರಣೆಯ ವಿರೋಧಿಗಳಿಗೆ ಅದೂ ಒಂದು ವಾದವಾಯಿತು. ಮಾಜಿಗಳ ಅಭಿಯೋಗದ ಕುರಿತು 2001ರಲ್ಲಿಯೇ ದೀರ್ಘ ಪ್ರಬಂಧ ಬರೆದಿದ್ದ ಪ್ರಾಧ್ಯಾಪಕ ಬ್ರಯಾನ್ ಕಾಲ್ಟ್ ಅವರು, ತಮ್ಮ ಬರಹವನ್ನು ಪ್ರತಿವಾದಿ ವಕೀಲರು ತಿರುಚಿ ಉಲ್ಲೇಖಿಸಿದ್ದಾರೆಂದು ಬಹಿರಂಗವಾಗಿ ಹೇಳಬೇಕಾಯಿತು. ಸಂಶೋಧಕರಿಗೆ ಈ ಸಂಕಟ ಅರ್ಥವಾದೀತು.

ಫೆಬ್ರವರಿ 9ರಂದು ಸೆನೆಟ್ 56-44 ಮತಗಳಿಂದ ತನಗೆ ಅಧಿಕಾರವುಂಟೆಂದು ನಿರ್ಣಯಿಸಿತು. 13ರಂದು ಅಪರಾಧಿಯೆಂದವರು 57, ಅಲ್ಲವೆಂದವರು 43. ಬೇಕಿದ್ದದ್ದು 67. ಈ ಎರಡು ಜೋಡಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸಾಕ್ಷ್ಯ, ವಾದ, ದೃಶ್ಯಾವಳಿಗಳ ಐದು ದಿನಗಳಲ್ಲಿ ನೂರು ಜನರಲ್ಲಿ ಸ್ಥಳ ಬದಲಿಸಿದವರು ಒಬ್ಬರೇ, ಉತ್ತರ ಕೆರೊಲಿನಾದ ರಿಚರ್ಡ್ ಬರ್. ಸೆನೆಟಿಗೆ ಅಧಿಕಾರವಿಲ್ಲವೆಂದು ಅವರು ಮೊದಲು ಮತವಿತ್ತಿದ್ದರು. ಸದನ ಬಹುಮತದಿಂದ ಬೇರೆಯಾಗಿ ನಿರ್ಣಯಿಸಿತು. ಪೂರ್ವನಿದರ್ಶನಗಳ ಮೇಲೆ ನಿಂತ ಸಂಸ್ಥೆಯಲ್ಲಿ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ಅಪರಾಧದ ಪ್ರಶ್ನೆ ಮಾತ್ರ ಎಂದು ಅವರು ಭಾವಿಸಿದರು. 1876ರ ಆ 25 ಮಂದಿ ಮಾಡದಿದ್ದುದನ್ನು ಮಾಡಿದ ಈ ಮನುಷ್ಯನಿಗೆ ಅವರ ರಾಜ್ಯದ ಪಕ್ಷ ಕೆಲವೇ ದಿನಗಳಲ್ಲಿ ಖಂಡನಾ ನಿರ್ಣಯವನ್ನು ಕೊಟ್ಟಿತು. ಅದು ನಿಜವಾದ ವಾಗ್ದಂಡನೆ.

ಮೆಕಾನೆಲ್ ನಿರಪರಾಧಿಯೆಂದು ಮತವಿತ್ತರು. ಮರುಕ್ಷಣವೇ ಎದ್ದುನಿಂತು, ನಡೆದುದಕ್ಕೆ ಟ್ರಂಪ್ ನೈತಿಕವಾಗಿಯೂ ವಾಸ್ತವವಾಗಿಯೂ ಹೊಣೆಯೆಂದರು. ಖಾಸಗಿ ಪ್ರಜೆಯಾದವನನ್ನು ವಿಚಾರಿಸಲು ಸೆನೆಟಿಗೆ ಅಧಿಕಾರವಿಲ್ಲ, ನ್ಯಾಯಾಲಯಗಳಿವೆ, ಮಾಜಿ ಅಧ್ಯಕ್ಷರು ಅವುಗಳಿಗೆ ಅತೀತರಲ್ಲ ಎಂಬುದು ಅವರ ಸಮರ್ಥನೆ. ಪದವಿಯಲ್ಲಿದ್ದಾಗ ಸದನವನ್ನು ಕರೆಯದೆ, ಇಳಿದ ಮೇಲೆ ಕಾಲ ಮೀರಿತೆಂದರೆ, ಅವಧಿಯ ಕೊನೆಯ ವಾರಗಳಿಗೆ ಹೊಣೆಗಾರಿಕೆಯೇ ಇಲ್ಲದಂತಾಗುತ್ತದೆ. ಈ ಮಾತಿಗೆ ಮೆಕಾನೆಲ್ ಅವರಲ್ಲಿ ಉತ್ತರವಿದ್ದಂತೆ ನನಗೆ ಕಾಣಲಿಲ್ಲ.

ನ್ಯಾಯಾಲಯಗಳತ್ತ ಬೆರಳು ತೋರಿಸಿದ ಮೇಲೆ ನಡೆದದ್ದನ್ನೂ ದಾಖಲಿಸಬೇಕು. 2023ರಲ್ಲಿ ಕ್ರಿಮಿನಲ್ ಮೊಕದ್ದಮೆ ಹೂಡಿದಾಗ ಟ್ರಂಪ್ ಅವರ ವಕೀಲರು, ಅಧ್ಯಕ್ಷನಾಗಿ ಮಾಡಿದ ಕೃತ್ಯಕ್ಕೆ ಮೊದಲು ಸೆನೆಟ್ ಅಪರಾಧಿಯೆಂದು ನಿರ್ಣಯಿಸಿದ್ದರೆ ಮಾತ್ರ ನ್ಯಾಯಾಲಯ ವಿಚಾರಿಸಬಹುದು ಎಂದು ವಾದಿಸಿದರು. 2021ರಲ್ಲಿ ಇದೇ ಪಕ್ಷ ಸೆನೆಟಿಗೆ ಅಧಿಕಾರವೇ ಇಲ್ಲವೆಂದಿತ್ತು. ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲವಾದರೂ 2024ರ ಜುಲೈ 1ರಂದು, ಅಧಿಕೃತ ಕಾರ್ಯಗಳ ವಿಷಯದಲ್ಲಿ ಮಾಜಿ ಅಧ್ಯಕ್ಷರಿಗೆ ವ್ಯಾಪಕವಾದ ರಕ್ಷಣೆಯಿದೆಯೆಂದು ತೀರ್ಪಿತ್ತಿತು. ಅದಕ್ಕೂ ಮೊದಲು ಮಾರ್ಚ್ 4ರಂದು, ದಂಗೆಯೆದ್ದವರನ್ನು ಹುದ್ದೆಯಿಂದ ದೂರವಿಡುವ ಹದಿನಾಲ್ಕನೆಯ ತಿದ್ದುಪಡಿಯನ್ನು ಅಧ್ಯಕ್ಷೀಯ ಅಭ್ಯರ್ಥಿಯ ಮೇಲೆ ರಾಜ್ಯಗಳು ತಾವಾಗಿ ಜಾರಿಮಾಡುವಂತಿಲ್ಲವೆಂದೂ ಅದು ಹೇಳಿತ್ತು. ನವೆಂಬರಿನಲ್ಲಿ ಟ್ರಂಪ್ ಚುನಾವಣೆ ಗೆದ್ದರು. ಪದಸ್ಥ ಅಧ್ಯಕ್ಷನ ಮೇಲೆ ಮೊಕದ್ದಮೆ ನಡೆಸುವಂತಿಲ್ಲವೆಂಬ ಸರಕಾರದ ಹಳೆಯ ನಿಲುವಿಗನುಸಾರವಾಗಿ ವಿಶೇಷ ಅಭಿಯೋಜಕರು ಕೇಳಿಕೊಂಡ ಮೇರೆಗೆ, ನವೆಂಬರ್ 25ರಂದು ವಾಷಿಂಗ್ಟನ್ನಿನ ನ್ಯಾಯಾಲಯ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ಸೆನೆಟಿಗೆ ಅವರು ಮಾಜಿಯಾಗಿದ್ದರು. ನ್ಯಾಯಾಲಯಕ್ಕೆ ಮತ್ತೆ ಹಾಲಿಯಾದರು.